ತಾಮ್ರದ ನೀರು, ಕೆರೆಯ ಹಾವಸೆ
(ಬಾನುಲಿ ಭಾಷಣ)

ತಾಮ್ರದ ತಂಬಿಗೆಯಲ್ಲಿ ರಾತ್ರಿಯಿಟ್ಟ ನೀರನ್ನು ಬೆಳಿಗ್ಗೆ ಕುಡಿಯುವುದು ಮೈಗೆ ಒಳ್ಳೆಯದೆಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ದೇವರ ಮುಂದಿನ ಪಂಚಪಾತ್ರೆ ತಾಮ್ರದ್ದು, ಬಚ್ಚಲಿನ ಹಂಡೆ ತಾಮ್ರದ್ದು. ಅನುಕೂಲವಿದ್ದ ಮನೆಗಳಲ್ಲಿ ಹಿರಿಯರ ಊಟದೆಲೆಯ ಪಕ್ಕಕ್ಕೆ ಬೆಳ್ಳಿಯ ಲೋಟ. ಈ ಎರಡು ಲೋಹಗಳಿಗೂ ನೀರಿಗೂ ಇರುವ ನಂಟು ಎಷ್ಟು ಹಳೆಯದೆಂದರೆ ಅದು ಏಕೆ ಹಾಗೆ ಎಂದು ಕೇಳುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ. ಈಗ ಆ ನಂಟು ತಂಬಿಗೆಯನ್ನು ದಾಟಿ ಕೆರೆಗೆ ಬಂದಿದೆಯಾದ್ದರಿಂದ ಕೇಳಲೇಬೇಕಾದ ಹೊತ್ತೂ ಬಂದಿದೆ.

ಕೊಡಗಿನಲ್ಲಿ ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೋಗುವ ದಾರಿಯಲ್ಲಿ ಬಿಟ್ಟಂಗಾಲವೆಂಬ ಊರಿದೆ. ಸುತ್ತ ರೊಬಸ್ಟಾ ಕಾಫಿಯ ತೋಟಗಳು, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಗದ್ದೆ. ಮಾಘ, ಫಾಲ್ಗುಣದಲ್ಲಿ ಹೂಮಳೆ ಬೀಳದಿದ್ದರೆ ಬೆಳೆಗಾರರು ತೋಟದ ಕೆರೆಯ ನೀರನ್ನೇ ಪಂಪಿನಿಂದ ಎತ್ತಿ ತುಂತುರಾಗಿ ಗಿಡಗಳ ಮೇಲೆ ಹಾಯಿಸುತ್ತಾರೆ. ಆ ನಾಲ್ಕು ದಿನದ ನೀರಿನ ಮೇಲೆ ವರ್ಷದ ಫಸಲು ನಿಂತಿರುತ್ತದೆ. ಅಂಥ ಹೊತ್ತಿಗೆ ಸರಿಯಾಗಿ ಕೆರೆಯ ಮೇಲೆ ಹಸಿರು ಹಾವಸೆ ದಟ್ಟೈಸಿ ಪಂಪಿನ ಬಾಯಿಗೂ ತುಂತುರು ಕೊಳವೆಯ ಕಿಂಡಿಗಳಿಗೂ ಸಿಕ್ಕಿಕೊಳ್ಳುತ್ತದೆ. ಒಂದು ಕಾಲಕ್ಕೆ ನನ್ನ ತರಗತಿಯಲ್ಲಿ ಕುಳಿತಿದ್ದ, ಈಗ ಆ ಊರಿನಲ್ಲಿ ತೋಟ ನೋಡಿಕೊಂಡಿರುವ ಮಿತ್ರರೊಬ್ಬರು ನನಗೊಂದು ಜಾಹೀರಾತಿನ ಹಾಳೆಯನ್ನು ತೋರಿಸಿದರು. ಸೂರ್ಯನ ಬೆಳಕಿನಿಂದ ನಡೆಯುವ, ನೀರಿನ ಮೇಲೆ ತೇಲುವ ಒಂದು ಯಂತ್ರ. ಅದರ ಅಡಿಯಲ್ಲಿ ತಾಮ್ರ ಮತ್ತು ಬೆಳ್ಳಿ ಬೆರೆತ ಸರಳು. ಅದು ತನ್ನ ಅಯಾನುಗಳನ್ನು ನೀರಿಗೆ ಬಿಟ್ಟು ಪಾಚಿಯನ್ನು ನಿವಾರಿಸುತ್ತದಂತೆ. "ಸಾರ್, ಹಳಬರು ಕೆರೆಗೆ ತಾಮ್ರದ ಕಾಸು ಹಾಕುತ್ತಿದ್ದದ್ದು ಇದಕ್ಕೇ ಅಂತ ಇದರಲ್ಲಿ ಬರೆದಿದ್ದಾರೆ. ನಿಜವೇ?" ಎಂದು ಅವರು ಕೇಳಿದರು. ಯಂತ್ರದ ಪ್ರಶ್ನೆ ನನ್ನದಲ್ಲ, ಎಂಜಿನಿಯರರದು. ಆದರೆ ಹಳಬರು ಏನು ಮಾಡುತ್ತಿದ್ದರೆಂಬುದು ಹಳೆಯ ಓಲೆಗಳನ್ನೂ ಕಲ್ಲುಗಳನ್ನೂ ಓದಿ ಬದುಕಿದವನು ಉತ್ತರಿಸಬೇಕಾದ ಪ್ರಶ್ನೆಯೇ ಸರಿ.

ಮೊದಲು ಗ್ರಂಥಗಳನ್ನು ನೋಡೋಣ. ಸುಶ್ರುತಸಂಹಿತೆಯ ಸೂತ್ರಸ್ಥಾನದ 45ನೆಯ ಅಧ್ಯಾಯ ದ್ರವಪದಾರ್ಥಗಳನ್ನು ಕುರಿತದ್ದು. ಕುಡಿಯುವ ನೀರನ್ನು ಚಿನ್ನ, ಬೆಳ್ಳಿ, ತಾಮ್ರ, ಕಂಚಿನ ಪಾತ್ರೆಗಳಲ್ಲಾಗಲಿ ಮಣ್ಣಿನ ಪಾತ್ರೆಯಲ್ಲಾಗಲಿ ಇಟ್ಟು ಕುಡಿಯಬಹುದೆಂದು ಅಲ್ಲಿದೆ. ಅದೇ ಅಧ್ಯಾಯದಲ್ಲಿ ಕದಡಿದ ನೀರನ್ನು ತಿಳಿಗೊಳಿಸುವ ಏಳು ವಸ್ತುಗಳ ಪಟ್ಟಿಯೂ ಇದೆ. ಚಿಲ್ಲದ ಬೀಜ, ಗೋಮೇದಕ, ತಾವರೆಯ ಗೆಡ್ಡೆ, ಶೈವಲದ ಬೇರು, ಬಟ್ಟೆ, ಮುತ್ತು, ಸ್ಫಟಿಕ. ಈ ಏಳರಲ್ಲಿ ತಾಮ್ರವಿಲ್ಲ, ಬೆಳ್ಳಿಯೂ ಇಲ್ಲ. ಅದಕ್ಕಿಂತ ಸೋಜಿಗದ ಸಂಗತಿಯೆಂದರೆ ಶೈವಲ, ಎಂದರೆ ನಾವು ನೀರಿನ ಕೊಳೆಯೆಂದು ತಿಳಿಯುವ ಅದೇ ಬಗೆಯ ಜಲಸಸ್ಯ, ಅಲ್ಲಿ ನೀರನ್ನು ತೊಳೆಯುವ ವಸ್ತುಗಳ ಸಾಲಿನಲ್ಲಿ ಕುಳಿತಿದೆ. ವರಾಹಮಿಹಿರ ಆರನೆಯ ಶತಮಾನದಲ್ಲಿ ಬೃಹತ್ಸಂಹಿತೆಯಲ್ಲಿ ಅಂತರ್ಜಲದ ಅಧ್ಯಾಯವೊಂದನ್ನು ಬರೆದ. ಬಾವಿಯ ನೀರು ಕೆಟ್ಟರೆ ಹಾಕಬೇಕೆಂದು ಅವನು ಹೇಳುವುದು ಕೊನ್ನಾರಿಗೆಡ್ಡೆ, ಲಾಮಂಚ, ನೆಲ್ಲಿ, ಚಿಲ್ಲ ಮುಂತಾದ ಸಸ್ಯಗಳ ಪುಡಿಯನ್ನು. ಕನ್ನಡದಲ್ಲಿ ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ' ಇದೇ ಪರಂಪರೆಯ ಗ್ರಂಥ. ನೀರಿನ ಸೆಲೆ ನೋಡುವುದರಿಂದ ಅಡುಗೆ, ಸುಗಂಧ, ವಿಷವೈದ್ಯದವರೆಗೆ ಗೃಹಸ್ಥನಿಗೆ ಬೇಕಾದುದೆಲ್ಲ ಅದರಲ್ಲಿದೆ. ಹೊರಗಿನ ಲೋಕದಲ್ಲಿ ಗ್ರೀಕರ ಹೆರೊಡೋಟಸ್, ಪಾರಸಿಕರ ದೊರೆ ದಂಡಯಾತ್ರೆಗೆ ಹೊರಟಾಗ ಖೊವಾಸ್ಪೆಸ್ ನದಿಯ ನೀರನ್ನು ಕುದಿಸಿ ಬೆಳ್ಳಿಯ ಕೊಡಗಳಲ್ಲಿ ಬಂಡಿಗಳ ಮೇಲೆ ಒಯ್ಯುತ್ತಿದ್ದನೆಂದು ಬರೆದಿದ್ದಾನೆ.

ಇವೆಲ್ಲವೂ ಪಾತ್ರೆಯ ಮಾತು. ಪಾತ್ರೆಯ ಮಾತು ಸುಳ್ಳಲ್ಲ. 2012ರಲ್ಲಿ ಬೆಂಗಳೂರಿನ ಸಂಶೋಧಕರು ಭೇದಿ, ಕಾಲರಾ ತರುವ ಜೀವಾಣುಗಳನ್ನು ಬೆರೆಸಿದ ನೀರನ್ನು 16 ಗಂಟೆ ತಾಮ್ರದ ಕೊಡದಲ್ಲಿಟ್ಟು ನೋಡಿದಾಗ ಆ ಜೀವಾಣುಗಳು ಉಳಿದಿರಲಿಲ್ಲ. ನೀರಿಗಿಳಿದ ತಾಮ್ರವೂ ಕುಡಿಯಲು ತಕ್ಕ ಮಿತಿಯೊಳಗೇ ಇತ್ತು. ಆದರೆ ತಂಬಿಗೆಯಲ್ಲಿ ಒಂದು ಸೇರು ನೀರನ್ನು ಎಲ್ಲ ಕಡೆಯಿಂದಲೂ ತಾಮ್ರವೇ ತಬ್ಬಿಕೊಂಡಿರುತ್ತದೆ. ಕೆರೆಯ ಲಕ್ಷಾಂತರ ಕೊಡ ನೀರಿಗೆ ಬಿದ್ದ ಹತ್ತು ಕಾಸು ಅಂಥ ಕೆಲಸ ಮಾಡಲಾರದು. ಭಕ್ತರು ತೀರ್ಥಕ್ಕೆ ಕಾಸು ಎಸೆದದ್ದು ಕಾಣಿಕೆಯೆಂದು. ಪಾಚಿಯ ನಿವಾರಣೆಗೆಂದು ಎಸೆದರೆನ್ನಲು ನಾನು ನೋಡಿದ ಯಾವ ಗ್ರಂಥದಲ್ಲೂ ಶಾಸನದಲ್ಲೂ ಆಧಾರ ಸಿಕ್ಕಿಲ್ಲ. ಇಂದಿನ ನಾಣ್ಯಗಳಂತೂ ಬಹುಮಟ್ಟಿಗೆ ತುಕ್ಕುಹಿಡಿಯದ ಉಕ್ಕಿನವು. ಪೂರ್ವಿಕರ ಭಕ್ತಿಗೆ ನಮ್ಮ ರಸಾಯನಶಾಸ್ತ್ರವನ್ನು ಉಡಿಸುವುದು ಅವರಿಗೆ ತೋರಿಸುವ ಗೌರವವಲ್ಲ.

ಹಾಗಾದರೆ ತಾಮ್ರಕ್ಕೂ ಪಾಚಿಗೂ ಇರುವ ವೈರವನ್ನು ಕಂಡವರು ಯಾರು? ಅದೊಂದು ಯೂರೋಪಿನ ಕಥೆ. 1807ರಲ್ಲಿ ಬೆನೆಡಿಕ್ಟ್ ಪ್ರೆವೋ ಎಂಬ ವಿದ್ವಾಂಸ ಗೋಧಿಯ ಕಾಡಿಗೆ ರೋಗವನ್ನು ಅಭ್ಯಾಸಮಾಡುತ್ತ, ತಾಮ್ರದ ಪಾತ್ರೆಯ ಸಂಪರ್ಕಕ್ಕೆ ಬಂದ ನೀರಿನಲ್ಲಿ ಆ ರೋಗದ ಬೀಜಕಣಗಳು ಸರಿಯಾಗಿ ಮೊಳೆಯುವುದಿಲ್ಲವೆಂದು ಗುರುತಿಸಿದ. ಆಗ ಅವನ ಮಾತಿಗೆ ಹೆಚ್ಚು ಜನ ಕಿವಿಗೊಡಲಿಲ್ಲ. ಸುಮಾರು ಎಂಬತ್ತು ವರ್ಷಗಳ ಮೇಲೆ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಮ್ಯೂನಿಕ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ಕಾರ್ಲ್ ನೇಗೆಲಿ, ಕೆರೆಗಳಲ್ಲಿ ರೇಷ್ಮೆಯ ಎಳೆಯಂತೆ ಬೆಳೆಯುವ ಸ್ಪೈರೊಗೈರಾ ಎಂಬ ನೂಲುಪಾಚಿಯನ್ನು ಶುದ್ಧ ನೀರಿನಲ್ಲಿ ಸಾಕಿ ನೋಡುತ್ತಿದ್ದ. ಭಟ್ಟಿಯಿಳಿಸಿದ ಅಚ್ಚ ನೀರಿನಲ್ಲಿ ಅದು ಸಾಯುತ್ತಿತ್ತು! ಕಾರಣ ಹುಡುಕುತ್ತ ಹೋದಾಗ ಆ ನೀರಿಗೆ ಸೋಕಿದ್ದ ತಾಮ್ರದ ಲೇಶ ಸಿಕ್ಕಿತು. ಕೋಟಿಗಟ್ಟಲೆ ಭಾಗ ನೀರಿಗೆ ಒಂದೇ ಭಾಗ ತಾಮ್ರ ಸಾಕಾಗಿತ್ತು. ಅಷ್ಟು ಅಲ್ಪದ ಈ ಬಲಕ್ಕೆ ಅವನು ಗ್ರೀಕ್ ಪದಗಳಿಂದ 'ಆಲಿಗೊಡೈನಮಿಕ್' ಎಂಬ ಹೆಸರು ಕಟ್ಟಿದ. ಅಲ್ಪಬಲವೆಂದು ನಾವು ಕನ್ನಡಿಸಬಹುದು. ನೇಗೆಲಿ 1891ರಲ್ಲಿ ತೀರಿಕೊಂಡ. ಈ ಪ್ರಬಂಧ ಅಚ್ಚಾದದ್ದು 1893ರಲ್ಲಿ. ಬಟಾಣಿ ಗಿಡಗಳಿಂದ ಆನುವಂಶಿಕತೆಯ ನಿಯಮ ಕಂಡ ಮೆಂಡೆಲ್ ಪತ್ರ ಬರೆದಾಗ ಅದರ ಮಹತ್ವವನ್ನು ಅರಿಯದೆಹೋದವನೂ ಇದೇ ನೇಗೆಲಿ. ದೊಡ್ಡದನ್ನು ಕಾಣದ ಕಣ್ಣು ಕೋಟಿಯಲ್ಲೊಂದನ್ನು ಕಂಡಿತು.

ಇಲ್ಲಿಂದ ಕಥೆ ನಮ್ಮ ನಾಡಿಗೆ ಬರುತ್ತದೆ. ಬಂದದ್ದು ಕೆರೆಗಲ್ಲ, ತೋಟಕ್ಕೆ. 1882ರಲ್ಲಿ ಫ್ರಾನ್ಸಿನ ಮೆಡೊಕ್ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ದಾರಿಯಂಚಿನ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿದಿದ್ದರು. ಬೂಜುರೋಗದಲ್ಲಿ ಉಳಿದದ್ದು ಆ ಬಳ್ಳಿಗಳೇ ಎಂಬುದನ್ನು ಬೋರ್ಡೋ ವಿಶ್ವವಿದ್ಯಾಲಯದ ಮಿಲಾರ್ಡೆ ಗಮನಿಸಿ 1885ರಲ್ಲಿ ಪ್ರಕಟಿಸಿದ. ಅದೇ ಬೋರ್ಡೋ ದ್ರಾವಣ. ಅಷ್ಟರಲ್ಲಿ ನಮ್ಮ ಕಡೆಯ ಕಾಫಿಯ ಕಪ್ಪುಕೊಳೆಗೆ ಕುಕ್ ಎಂಬ ಆಂಗ್ಲ ಶಿಲೀಂಧ್ರತಜ್ಞ 1876ರಲ್ಲೇ ಲ್ಯಾಟಿನ್ ಹೆಸರಿಟ್ಟಾಗಿತ್ತು. ಆ ಹೆಸರಿನ ಎರಡನೆಯ ಪದ 'ಕೊಳೆರೋಗ'. ಮಲೆನಾಡಿನ ರೈತನ ಬಾಯಿಮಾತು ವಿಜ್ಞಾನದ ಲ್ಯಾಟಿನ್‌ಗೆ ಹೊಕ್ಕ ಬಗೆ ಅದು. ಕನ್ನಡದ ಪಾಠ ಹೇಳುತ್ತಿದ್ದವನಿಗೆ ಅದನ್ನು ಹೇಳದೆ ಮುಂದೆ ಹೋಗುವ ಮನಸ್ಸಾಗದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್, ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಗಳಲ್ಲಿ ರೂಢಿಗೆ ತಂದರು. ಕೊಡಗಿನಲ್ಲಿ ಫೌಲರ್ ಎಂಬಾತ 1854ರಲ್ಲಿ ಮಡಿಕೇರಿಯಲ್ಲಿ ತೆರೆದದ್ದು ಯೂರೋಪಿಯನ್ನರ ಮೊದಲ ಕಾಫಿ ತೋಟ. ಅಲ್ಲಿಯೂ ಎಲೆತುಕ್ಕು, ಕೊಳೆ, ಮೆಣಸಿನ ಸೊರಗುರೋಗಗಳಿಗೆ ನೀಲಿ ಮೈಲುತುತ್ತವೇ ಮದ್ದಾಯಿತು.

ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ತೋಟದವರು ಮಸೆದ ಕತ್ತಿಯೊಂದನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಕುಳಿತರೆ ಸುಣ್ಣ ಸಾಲದು, ಇನ್ನೂ ಹಾಕಬೇಕು. ಆ ಕೆಂಪು ಅಚ್ಚ ತಾಮ್ರ. ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿದ್ದ ತಾಮ್ರ ಕಬ್ಬಿಣದ ಮೇಲೆ ಮತ್ತೆ ಲೋಹವಾಗಿ ಕೂತಿತು; ಬದಲಿಗೆ ಒಂದಿಷ್ಟು ಕಬ್ಬಿಣ ನೀರಿಗಿಳಿಯಿತು. ಹೀಗೆ ವಿದ್ಯುತ್ತಿನ ಹೊರೆ ಹೊತ್ತು ನೀರಿನಲ್ಲಿ ಸಂಚರಿಸುವ ಕಣಕ್ಕೆ 'ಅಯಾನು' ಎಂಬ ಹೆಸರನ್ನು ಬಳಕೆಗೆ ತಂದವನು ಮೈಕೆಲ್ ಫ್ಯಾರಡೆ, 1834ರಲ್ಲಿ. ಚಿಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ಸೇರಿಸಿಕೊಂಡ ವರ್ಷವೇ ಅದು. ಪಾಚಿಯ ಜೀವಕೋಶಕ್ಕೂ ಒಂದು ಲೇಶ ತಾಮ್ರ ಬೇಕು, ಬೆಳಕನ್ನು ಆಹಾರವಾಗಿಸುವ ಅದರ ಯಂತ್ರದಲ್ಲಿ ತಾಮ್ರವೂ ಒಂದು ಕೀಲು. ಆ ಲೇಶವನ್ನು ಮೀರಿ ತಾಮ್ರದ ಅಯಾನು ಒಳನುಗ್ಗಿದರೆ ಅದೇ ಯಂತ್ರ ಕೆಟ್ಟು ನಿಲ್ಲುತ್ತದೆ. ಬೆಳ್ಳಿಯ ಅಯಾನಿನ ಮುಖ್ಯ ಶತ್ರುಗಳು ಜೀವಾಣುಗಳು; ಪಾಚಿಯ ವಿಷಯದಲ್ಲಿ ಬಹುಪಾಲು ದುಡಿಯುವುದು ತಾಮ್ರವೇ.

ನೇಗೆಲಿಯ ಅಲ್ಪಬಲವನ್ನು ಜಲಾಶಯಕ್ಕೆ ಒಯ್ದವರು ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲ್ಲರ್ಮನ್. ಮೈಲುತುತ್ತದಿಂದ ಊರಿನ ನೀರು ಸರಬರಾಜಿನ ಪಾಚಿಯನ್ನು ನಿವಾರಿಸುವ ವಿಧಾನವನ್ನು ಅವರು 1904ರಲ್ಲಿ ಪ್ರಕಟಿಸಿದರು. ಗೋಣಿಚೀಲದಲ್ಲಿ ಮೈಲುತುತ್ತ ಕಟ್ಟಿ ದೋಣಿಯ ಹಿಂದೆ ಎಳೆದುಕೊಂಡು ನೀರಿನ ಮೇಲೆಲ್ಲ ಸುತ್ತುವುದು ಅಲ್ಲಿಂದ ಮುಂದೆ ಹಲವು ದೇಶಗಳಲ್ಲಿ ವಾಡಿಕೆಯಾಯಿತು. ಹರಳಿನ ಬದಲು ವಿದ್ಯುತ್ತಿನಿಂದ ಲೋಹದ ಸರಳನ್ನೇ ಕರಗಿಸುವ ಯಂತ್ರ ಅದರ ಮರಿ. 1960ರ ದಶಕದಲ್ಲಿ ಅಮೆರಿಕದವರು ಅಪೊಲೊ ವ್ಯೋಮಯಾತ್ರಿಗಳ ಕುಡಿಯುವ ನೀರಿಗಾಗಿ ಬೆಳ್ಳಿಯ ಅಯಾನು ಬಿಡುವ ಪುಟ್ಟ ಸಾಧನವೊಂದನ್ನು ರೂಪಿಸಿದರು. ಮಾರುವವರು ಇಂದಿಗೂ ಅದರ ಹೆಸರು ಹೇಳುತ್ತಾರೆ. 1976ರಲ್ಲಿ ಫಿಲಡೆಲ್ಫಿಯಾದಲ್ಲಿ ನಿವೃತ್ತ ಸೈನಿಕರ ಸಮಾವೇಶದಲ್ಲಿ ಕಾಣಿಸಿಕೊಂಡ ಲೀಜನೆಲ್ಲಾ ಎಂಬ ಜೀವಾಣುವನ್ನು ಆಸ್ಪತ್ರೆಗಳ ಬಿಸಿನೀರಿನ ಕೊಳವೆಗಳಲ್ಲಿ ಹತ್ತಿಕ್ಕಲು ತಾಮ್ರ ಮತ್ತು ಬೆಳ್ಳಿಯ ಯಂತ್ರ ನೆರವಾಗಿದೆ. ಈಜುಕೊಳಗಳಲ್ಲೂ ಅದು ಇದೆ. ಇವೆಲ್ಲ ಗೋಡೆ, ತಳ, ಮುಚ್ಚಳಗಳುಳ್ಳ, ಅಳೆದು ತುಂಬಿದ ನೀರು. ಕೆರೆ ಹಾಗಲ್ಲ.

ಬಿಟ್ಟಂಗಾಲದ ಮಿತ್ರರಿಗೆ ನಾನು ಬರೆದು ಕಳುಹಿಸಿದ್ದು ಒಂದು ಸಣ್ಣ ಲೆಕ್ಕವನ್ನು. ಕೆರೆಯಲ್ಲಿ 50 ಲಕ್ಷ ಲೀಟರ್ ನೀರಿದೆಯೆಂದು ಹಿಡಿಯೋಣ. ಪಾಚಿಯನ್ನು ಕೊಲ್ಲಲು ಲೀಟರಿಗೆ 0.2 ಮಿಲಿಗ್ರಾಂ ತಾಮ್ರ ಸಾಕೆಂದರೂ ಒಟ್ಟು ಒಂದು ಕಿಲೋ ತಾಮ್ರ ನೀರಿಗಿಳಿಯಬೇಕು. ಫ್ಯಾರಡೆಯ ನಿಯಮದ ಪ್ರಕಾರ ಒಂದು ಆಂಪೇರ್ ವಿದ್ಯುತ್ತು ಒಂದು ಗಂಟೆಯಲ್ಲಿ ಕರಗಿಸುವ ತಾಮ್ರ ಹೆಚ್ಚೆಂದರೆ 1.19 ಗ್ರಾಂ. ಎಂದರೆ ಒಂದು ಕಿಲೋಗೆ 840 ಗಂಟೆ. ದಿನಕ್ಕೆ ಆರು ಗಂಟೆ ಒಳ್ಳೆಯ ಬಿಸಿಲೆಂದರೂ 140 ದಿನ. ಅಷ್ಟರಲ್ಲಿ ಹೂಮಳೆಯ ಕಾಲ ಮುಗಿದು ಮುಂಗಾರೇ ಬಂದಿರುತ್ತದೆ. ಕೆಸರು ತನ್ನ ಪಾಲಿನ ತಾಮ್ರವನ್ನು ದಿನದಿನವೂ ಹೀರಿಕೊಂಡಿರುತ್ತದೆ. ಐವತ್ತು ಸಾವಿರ ಲೀಟರಿನ ಈಜುಕೊಳಕ್ಕೆ ಅದೇ ವಿದ್ಯುತ್ತು ಎಂಟೊಂಬತ್ತು ಗಂಟೆಯಲ್ಲಿ ಮಾಡುವ ಕೆಲಸವದು. ಯಂತ್ರ ಸುಳ್ಳಲ್ಲ, ಹಾಳೆಯಲ್ಲಿ ಹೇಳಿದ ವಿಜ್ಞಾನವೂ ಸುಳ್ಳಲ್ಲ. ತಂಬಿಗೆಗೂ ಕೆರೆಗೂ ಇರುವ ಅಂತರವನ್ನಷ್ಟೇ ಅದು ಹೇಳದೆ ಬಿಟ್ಟಿದೆ.

ಹಾಗಾದರೆ ನಾಲ್ಕು ಕಿಲೋ ಮೈಲುತುತ್ತವನ್ನೇ ಹಾಕಿಬಿಡಬಹುದಲ್ಲ, ಅದರಲ್ಲೂ ಒಂದು ಕಿಲೋ ತಾಮ್ರವಿದೆ ಎನ್ನಬಹುದು. ಹಾಕಬಹುದು, ಪಾಚಿ ವಾರದೊಳಗೆ ಸಾಯಲೂಬಹುದು. ಸತ್ತ ಮೇಲೆ ಏನಾಗುತ್ತದೆಂಬುದಕ್ಕೆ ಎರಡು ಊರುಗಳ ಇತಿಹಾಸವಿದೆ. ಅಮೆರಿಕದ ಮಿನೆಸೋಟ ಸಂಸ್ಥಾನದ ಫೇರ್‌ಮಾಂಟ್ ಎಂಬ ಊರಿನ ಸರೋವರಗಳಿಗೆ 1921ರಿಂದ 58 ವರ್ಷ ಮೈಲುತುತ್ತ ಹಾಕಿದರು. ಆ ಅನುಭವವನ್ನು ವಿಶ್ಲೇಷಿಸಿದವರು 1984ರಲ್ಲಿ ಬರೆದದ್ದಿಷ್ಟು: ಸತ್ತ ಪಾಚಿ ಕೊಳೆತು ನೀರಿನ ಆಮ್ಲಜನಕ ಇಂಗಿತು, ಮೀನು ಸತ್ತವು, ತಾಮ್ರ ತಳದ ಕೆಸರಿನಲ್ಲಿ ಕೂಡಿಕೊಂಡಿತು, ತಾಮ್ರವನ್ನು ತಾಳಿಕೊಳ್ಳುವ ಪಾಚಿಗಳು ಉಳಿದು, ಹಸಿರು ಪಾಚಿಯ ಜಾಗಕ್ಕೆ ನೀಲಿಹಸಿರು ಪಾಚಿ ಬಂತು. ಇನ್ನೊಂದು ಊರು ಆಸ್ಟ್ರೇಲಿಯದ ಪಾಮ್ ದ್ವೀಪ. 1979ರಲ್ಲಿ ಅಲ್ಲಿನ ಸಾಲೊಮನ್ ಅಣೆಕಟ್ಟಿನ ಕುಡಿಯುವ ನೀರಿನಲ್ಲಿ ಪಾಚಿ ಹೆಚ್ಚಿತೆಂದು ಮೈಲುತುತ್ತ ಹಾಕಿದರು. ಕೆಲವೇ ದಿನಗಳಲ್ಲಿ 148 ಜನ ಕಾಯಿಲೆ ಬಿದ್ದರು. ಅವರಲ್ಲಿ 138 ಮಕ್ಕಳು, ಬಹುಮಟ್ಟಿಗೆ ಅಲ್ಲಿನ ಮೂಲನಿವಾಸಿಗಳ ಮಕ್ಕಳು. ಯಕೃತ್ತಿಗೂ ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿತ್ತು. ಆ ನೀಲಿಹಸಿರು ಜೀವಿ ತನ್ನೊಳಗೆ ವಿಷವನ್ನು ಇಟ್ಟುಕೊಂಡಿತ್ತು. ತಾಮ್ರ ಅದರ ಜೀವಕೋಶವನ್ನು ಒಡೆದಾಗ ವಿಷವೆಲ್ಲ ಒಮ್ಮೆಗೇ ನೀರಿಗೆ ಬಂತೆಂದು ಮುಂದೆ ತಿಳಿದುಬಂತು.

ಕೊಡಗಿಗೆ ಇನ್ನೊಂದು ವಿಶೇಷವಿದೆ. ಇಷ್ಟು ಮಳೆ ತೊಳೆದ ನೆಲದ ನೀರಿನಲ್ಲಿ ಸುಣ್ಣದ ಅಂಶ ಕಡಿಮೆ, ಅದು ಮೆದು ನೀರು. ಗಡುಸು ನೀರು ತಾಮ್ರದ ಉಗ್ರತೆಯನ್ನು ತಗ್ಗಿಸುತ್ತದೆ; ಮೆದು ನೀರು ತಗ್ಗಿಸುವುದಿಲ್ಲ. ಕ್ಷಾರಗುಣ ಲೀಟರಿಗೆ 50 ಮಿಲಿಗ್ರಾಮಿಗಿಂತ ಕಡಿಮೆಯಿರುವ, ಮೀನಿರುವ ಕೆರೆಗೆ ಮೈಲುತುತ್ತ ಹಾಕದಿರುವುದೇ ಲೇಸೆಂದು ಮತ್ಸ್ಯಶಾಸ್ತ್ರಜ್ಞರು ಎಚ್ಚರಿಸುತ್ತಾರೆ. ಮೇಲಾಗಿ ನಮ್ಮ ತೋಟದ ಮಣ್ಣು ಎಷ್ಟೋ ಮಳೆಗಾಲಗಳ ಬೋರ್ಡೋ ದ್ರಾವಣವನ್ನು ಕುಡಿದಿದೆ. ಮಳೆ ಅದರಲ್ಲಿ ಒಂದಿಷ್ಟನ್ನು ತಗ್ಗಿನ ಕೆರೆಗೆ ತರುತ್ತಲೇ ಇರುತ್ತದೆ. ಬೋರ್ಡೋ ಹುಟ್ಟಿದ ಯೂರೋಪಿನಲ್ಲೇ ಈಗ ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋ ತಾಮ್ರಕ್ಕಿಂತ ಹೆಚ್ಚು ಸಿಂಪಡಿಸಬಾರದೆಂದು 2018ರಲ್ಲಿ ನಿಯಮ ಮಾಡಿದ್ದಾರೆ. ಲೋಹಕ್ಕೆ ಕೊಳೆಯುವ ಗುಣವಿಲ್ಲ. ಹಾಕಿದ್ದು ಎಲ್ಲಿಗೂ ಹೋಗುವುದಿಲ್ಲ.

ಪಾಚಿಗೆ ಬೇಕಾದ ಅನ್ನ ನೀರಿನಲ್ಲಿ ಇರುವವರೆಗೆ ಪಾಚಿ ಬರುತ್ತಲೇ ಇರುತ್ತದೆ. ಆ ಅನ್ನದ ಕೀಲಿ ಯಾವುದೆಂದು ತೋರಿಸಿಕೊಟ್ಟವರು ಕೆನಡಾದ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು. 1973ರಲ್ಲಿ ಅವರು ಸರೋವರವೊಂದರ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿ, ಒಂದಕ್ಕೆ ಮಾತ್ರ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಹಸಿರುಗಟ್ಟಿತು, ಮತ್ತೊಂದು ತಿಳಿಯಾಗಿಯೇ ಉಳಿಯಿತು. ತೋಟದ ಕೆರೆಗೆ ರಂಜಕ ಬರುವ ದಾರಿಗಳು ಎಲ್ಲರಿಗೂ ಗೊತ್ತಿರುವಂಥವು: ಮಳೆಗೆ ಮುನ್ನ ಹಾಕಿದ ಗೊಬ್ಬರ, ಕೊಟ್ಟಿಗೆಯ ಗಂಜಲ, ಬಚ್ಚಲ ನೀರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು. ಅವೆಲ್ಲ ಕೊನೆಗೆ ತಂಗುವುದು ಹೂಳಿನಲ್ಲಿ.

ಹಳಬರು ಏನು ಮಾಡುತ್ತಿದ್ದರೆಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ. 1369ರ ಪೋರುಮಾಮಿಳ್ಳದ ಶಾಸನ ನಮ್ಮ ಗಡಿಯಾಚೆ ಕಡಪ ಜಿಲ್ಲೆಯದು. ವಿಜಯನಗರದ ಭಾಸ್ಕರ ಭವದೂರನ ಕಾಲದ್ದು. ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ನಡುವೆ ಉಬ್ಬಿರುವುದು, ನೀರು ಕಡಿಮೆಯಾಗಿ ನೆಲ ಹೆಚ್ಚಿರುವುದು, ನೆಲ ಕಡಿಮೆಯಾಗಿ ನೀರು ಹೆಚ್ಚಿರುವುದು. ಹಾವಸೆ ಆ ಆರರಲ್ಲಿಲ್ಲ. ಕನ್ನಡ ಶಾಸನಗಳಲ್ಲಿ ಕೆರೆಗೊಡಗೆ, ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವನಿಗೂ ಅದನ್ನು ನೋಡಿಕೊಳ್ಳುವವನಿಗೂ ಬಿಟ್ಟ ಭೂಮಿ, ಆದಾಯಗಳ ಹೆಸರುಗಳು ಅವು. ಹೂಳು ಹೊರುವ ಬಂಡಿಗೆ, ಕೋಣಗಳಿಗೆ ಬಿಟ್ಟ ದತ್ತಿಗಳಿವೆ. ನಮ್ಮ ಜನಪದ ಕಥನಗೀತೆ 'ಕೆರೆಗೆ ಹಾರ'ದಲ್ಲಿ ಕೆರೆಗೆ ಕೊಟ್ಟದ್ದು ಮನೆಯ ಸೊಸೆಯ ಪ್ರಾಣವನ್ನು. ಸೋಮವಾರಪೇಟೆಯ ಬಳಿಯ ಹೊನ್ನಮ್ಮನ ಕೆರೆಯ ಐತಿಹ್ಯವೂ ಅದೇ ಜಾತಿಯದು. ಕೊಟ್ಟದ್ದನ್ನು ನಾವು ಹಾಡಾಗಿ ನೆನಪಿಟ್ಟೆವು. ತೆಗೆದದ್ದನ್ನು ನೆನಪಿಟ್ಟವು ಕಲ್ಲುಗಳು ಮಾತ್ರ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರವರು ಗೋಡು ತೆಗೆದು ಗದ್ದೆಗೆ ಹೊಡೆಯುತ್ತಿದ್ದ ಕಾಲವನ್ನು ನನ್ನ ವಯಸ್ಸಿನವರು ಕಂಡಿದ್ದೇವೆ. ಅದನ್ನು ಯಾರೂ ಪಾಚಿಯ ನಿವಾರಣೆಯೆಂದು ಕರೆಯಲಿಲ್ಲ. ಗದ್ದೆಗೆ ಗೊಬ್ಬರ ಬೇಕಿತ್ತು, ಕೆರೆಗೆ ಆಳ ಬೇಕಿತ್ತು. ಆದರೆ ಆ ಬಂಡಿಗಳಲ್ಲಿ ಹೋಗುತ್ತಿದ್ದದ್ದು ಮುಂದಿನ ವರ್ಷದ ಹಾವಸೆಯ ಅನ್ನ. ತಾಮ್ರ ಸುರಿದ ಕೆರೆಯ ಗೋಡನ್ನು ಹಾಗೆ ನಿಶ್ಚಿಂತೆಯಿಂದ ಗದ್ದೆಗೆ ಹೊಡೆಯಲಾಗದು; ಪಾಚಿಯನ್ನು ಕೊಂದ ಲೋಹ ಪೈರಿನ ಬೇರನ್ನೂ ಮುಟ್ಟುತ್ತದೆ. ನಾವು ನಿಜವಾಗಿ ಕಳೆದುಕೊಳ್ಳುವುದು ಕೆಲವು ಮೀನುಗಳನ್ನಲ್ಲ. ಕೆರೆಯಿಂದ ಗದ್ದೆಗೆ, ಗದ್ದೆಯಿಂದ ಮನೆಗೆ ಸಾವಿರ ವರ್ಷ ನಡೆದ ಆ ಬಂಡಿಯ ದಾರಿಯನ್ನು.

ತಂಬಿಗೆಯಲ್ಲಿ ತಾಮ್ರ ಇರಲಿ. ಅದು ಅಲ್ಲಿ ತನ್ನ ಅಳತೆ ಅರಿತು ದುಡಿಯುತ್ತದೆ. ತುರ್ತಿಗೆ ಹಾವಸೆಯನ್ನು ಬಲೆಯಿಂದ ಬಾಚಿ ದಡಕ್ಕೆಳೆದು ತಿಪ್ಪೆಗೆ ಹಾಕಬಹುದು, ಒಳ್ಳೆಯ ಗೊಬ್ಬರವಾದೀತು. ಕೆರೆಯ ಮೇಲಂಚಿಗೆ ಹುಲ್ಲಿನ ಪಟ್ಟಿಯೊಂದನ್ನು ಬೆಳೆಸಬಹುದು. ತೊಳೆದ ನೀರನ್ನು ಬೇರೆ ಗುಂಡಿಗೆ ತಿರುಗಿಸಬಹುದು. ಮೂರು ನಾಲ್ಕು ವರ್ಷಕ್ಕೊಮ್ಮೆ ಗೋಡು ತೆಗೆಸಬಹುದು. ಇದಕ್ಕೆ ಕೂಲಿ ಹೆಚ್ಚು, ಆಳು ಸಿಗುವುದು ಕಷ್ಟ ಎಂಬುದನ್ನು ನಾನು ಬಲ್ಲೆ. ಶಾಸನ ಬರೆಸಿದವರೂ ಅದನ್ನು ಬಲ್ಲವರಾಗಿದ್ದರು. ಕೆರೆಯ ಚಾಕರಿಗೆ ಭೂಮಿಯನ್ನೇ ಬಿಟ್ಟು, ಆ ಮಾತನ್ನು ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದ್ದು ಅದಕ್ಕಾಗಿಯೇ.